ಬದು ಒತ್ತುವವರು ಮತ್ತು ಬಿಳಿ ಗೆರೆ

ಸಿಂದಗಿ ತಾಲ್ಲೂಕಿನ ಮೋರಟಗಿಯಲ್ಲಾಗಲಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಯಾವುದೇ ಹಳ್ಳಿಯಲ್ಲಾಗಲಿ ಬದುವಿನ ಜಗಳವನ್ನು ಕಾಣದವರು ಇರಲಾರರು. ಜೋಳ, ತೊಗರಿ ಬೆಳೆಯುವ ಎರೆಭೂಮಿಯಲ್ಲಿ ಇಬ್ಬರ ಹೊಲಗಳ ನಡುವೆ ಒಂದು ಬದು ಇರುತ್ತದೆ. ಅದನ್ನು ಯಾರೂ ಒಂದೇ ದಿನ ಕೆಡವಿ ಹಾಕುವುದಿಲ್ಲ. ಈ ವರ್ಷ ಬಿತ್ತನೆಗೆ ಮುನ್ನ ಒಂದು ಸಾಲು ಒತ್ತಿದರೆ, ಮುಂದಿನ ವರ್ಷ ಇನ್ನೊಂದು. ಕೇಳಿದರೆ ‘ಎತ್ತು ಆ ಕಡೆ ಜಗ್ಗಿದ್ವು’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಹತ್ತು ವರ್ಷಗಳ ನಂತರ ಅಳತೆಗೆ ಜನ ಬಂದಾಗ ಬಾಂದುಕಲ್ಲೇ ಕಾಣಿಸುವುದಿಲ್ಲ. ಅಷ್ಟರಲ್ಲಿ ಊರಿನವರ ಮನಸ್ಸಿನಲ್ಲಿ ಒಂದು ಪಾಠ ಗಟ್ಟಿಯಾಗಿ ಕೂತಿರುತ್ತದೆ: ಒತ್ತಿದವನು ಜಾಣ, ಬದುವಿಗೆ ಮರ್ಯಾದೆ ಕೊಟ್ಟು ಸುಮ್ಮನಿದ್ದವನು ದಡ್ಡ.

ಇದೇ ಜಗಳ ಜಗತ್ತಿನ ಅತ್ಯಂತ ದುಬಾರಿ ಕ್ರೀಡೆಯಾದ ಫಾರ್ಮುಲಾ ಒನ್ ಕಾರು ಪಂದ್ಯವನ್ನೂ ವರ್ಷಗಳ ಕಾಲ ಕಾಡಿದೆ. ಅಲ್ಲಿ ಬದುವಿನ ಜಾಗದಲ್ಲಿ ಇರುವುದು ಟ್ರ್ಯಾಕಿನ ಎರಡೂ ಅಂಚಿಗೆ ಬಳಿದ ಒಂದು ಬಿಳಿ ಗೆರೆ. ಒತ್ತುವವರು ಗಂಟೆಗೆ ಇನ್ನೂರು, ಮುನ್ನೂರು ಕಿಲೋಮೀಟರ್ ವೇಗದಲ್ಲಿ ಓಡುವ ಚಾಲಕರು. ಹೊಲದಲ್ಲಿ ಲಾಭ ಒಂದು ಸಾಲು ನೆಲವಾದರೆ ಇಲ್ಲಿ ಅದು ಒಂದು ಸೆಕೆಂಡಿನ ಹತ್ತನೆಯದೋ ನೂರನೆಯದೋ ಒಂದು ಪಾಲು. ಎರಡೂ ಕಡೆ ಪ್ರಶ್ನೆ ಒಂದೇ: ಗೆರೆಯನ್ನು ಎಳೆದದ್ದಾಯಿತು, ಅದನ್ನು ಎಲ್ಲರ ಮೇಲೂ ಒಂದೇ ರೀತಿಯಲ್ಲಿ ಜಾರಿಗೊಳಿಸುವುದು ಹೇಗೆ?

ನಿಯಮದ ಸಾರ ಬಹಳ ಸರಳ. ಬಿಳಿ ಗೆರೆ ಟ್ರ್ಯಾಕಿನ ಭಾಗ. ಅದರಾಚೆಯ ಬಣ್ಣ ಬಳಿದ ಕರ್ಬ್ ಟ್ರ್ಯಾಕಿನ ಭಾಗವಲ್ಲ. ಕಾರಿನ ಯಾವ ಭಾಗವೂ ಟ್ರ್ಯಾಕಿನ ಸಂಪರ್ಕದಲ್ಲಿ ಇಲ್ಲದಿದ್ದರೆ, ಎಂದರೆ ನಾಲ್ಕೂ ಚಕ್ರಗಳು ಗೆರೆ ದಾಟಿದರೆ, ಚಾಲಕ ಟ್ರ್ಯಾಕ್ ಬಿಟ್ಟಂತೆ. ಸಕಾರಣವಿಲ್ಲದೆ ಹಾಗೆ ಬಿಡಕೂಡದು. ಆದರೂ ಚಾಲಕರು ಬಿಡುತ್ತಾರೆ. ಏಕೆಂದರೆ ತಿರುವಿನಿಂದ ಹೊರಬರುವಾಗ ಒಂದಿಷ್ಟು ಹೆಚ್ಚು ಅಗಲ ಸಿಕ್ಕರೆ ಸ್ಟೀರಿಂಗನ್ನು ಅಷ್ಟು ಕಡಿಮೆ ತಿರುಗಿಸಿದರೆ ಸಾಕು, ಆಕ್ಸಿಲರೇಟರನ್ನು ಅಷ್ಟು ಬೇಗ ಒತ್ತಬಹುದು. ಅಲ್ಲಿ ಗಳಿಸಿದ ವೇಗ ಮುಂದಿನ ನೇರ ದಾರಿಯುದ್ದಕ್ಕೂ ಕೈಹಿಡಿಯುತ್ತದೆ. ಒಂದು ತಿರುವಿನ ಸಣ್ಣ ಕಳವು ಐವತ್ತು, ಎಪ್ಪತ್ತು ಸುತ್ತುಗಳಲ್ಲಿ ಗುಣಿಸುತ್ತಾ ಹೋದರೆ ಅದು ಸಣ್ಣದಾಗಿ ಉಳಿಯುವುದಿಲ್ಲ.

ಹಿಂದೆ ಈ ಸಮಸ್ಯೆ ಇಷ್ಟು ದೊಡ್ಡದಾಗಿರಲಿಲ್ಲ. ಟ್ರ್ಯಾಕಿನ ಅಂಚಿನಾಚೆ ಹುಲ್ಲೋ ಜಲ್ಲಿಯೋ ಗೋಡೆಯೋ ಇರುತ್ತಿತ್ತು. ಹುಲ್ಲಿಗಿಳಿದವನ ಚಕ್ರ ಜಾರುತ್ತಿತ್ತು, ಜಲ್ಲಿಗಿಳಿದವನ ಕಾರು ಹೂತುಕೊಳ್ಳುತ್ತಿತ್ತು, ಗೋಡೆಗೆ ತಾಗಿದವನ ಪಂದ್ಯವೇ ಮುಗಿಯುತ್ತಿತ್ತು. ನಮ್ಮ ಜಾತ್ರೆಗಳ ಎತ್ತಿನಗಾಡಿ ಓಟದಲ್ಲಿ ದಾರಿ ತಪ್ಪಿ ಮೆತ್ತನೆಯ ಉತ್ತ ಹೊಲಕ್ಕೆ ಇಳಿದ ಗಾಡಿಗೆ ಬೇರೆ ಶಿಕ್ಷೆ ಬೇಕೇ? ಎರೆಮಣ್ಣೇ ಚಕ್ರ ಹಿಡಿದು ನಿಲ್ಲಿಸುತ್ತದೆ. ನೆಲವೇ ತೀರ್ಪುಗಾರನಾಗಿದ್ದಾಗ ಮೇಲ್ಮನವಿಗೆ ಅವಕಾಶವಿರಲಿಲ್ಲ, ಪಕ್ಷಪಾತದ ಆರೋಪಕ್ಕೂ ಎಡೆಯಿರಲಿಲ್ಲ. ಚಾಂಪಿಯನ್ನನ ಕಾರಿಗೂ ಕೊನೆಯವನ ಕಾರಿಗೂ ಜಲ್ಲಿ ಒಂದೇ.

ಆದರೆ ಆ ತೀರ್ಪುಗಾರ ಕೆಲವೊಮ್ಮೆ ಪ್ರಾಣವನ್ನೇ ಕೇಳುತ್ತಿದ್ದ. 1994ರಲ್ಲಿ ಇಟಲಿಯ ಇಮೋಲಾದಲ್ಲಿ ಏಪ್ರಿಲ್ 30ರಂದು ರೋಲ್ಯಾಂಡ್ ರಾಟ್ಜೆನ್‌ಬರ್ಗರ್, ಮರುದಿನ ಮೇ 1ರಂದು ಅಯರ್ಟನ್ ಸೆನ್ನಾ ಗೋಡೆಗೆ ಅಪ್ಪಳಿಸಿ ಸಾವನ್ನಪ್ಪಿದ ನಂತರ ಸುರಕ್ಷತೆಯ ಬಗೆಗಿನ ಆಲೋಚನೆಯೇ ಬದಲಾಯಿತು. ಮುಂದಿನ ವರ್ಷಗಳಲ್ಲಿ ಅನೇಕ ಟ್ರ್ಯಾಕುಗಳ ತಿರುವುಗಳಾಚೆ ವಿಶಾಲವಾದ ಡಾಂಬರು ಹರವಲಾಯಿತು. ಹತೋಟಿ ತಪ್ಪಿದ ಚಾಲಕ ಆ ಡಾಂಬರಿನ ಮೇಲೆ ಬ್ರೇಕ್ ಹಾಕಿ ಬದುಕಿಕೊಳ್ಳಬಹುದು. ಮರಳಿ ಪಂದ್ಯಕ್ಕೂ ಸೇರಬಹುದು. ಈ ಬದಲಾವಣೆ ಜೀವ ಉಳಿಸುವ ಉದ್ದೇಶದ್ದು, ಅದನ್ನು ಹೀಗಳೆಯುವಂತಿಲ್ಲ. ಆದರೆ ಅದೇ ಡಾಂಬರು ಹತೋಟಿ ತಪ್ಪದವನಿಗೂ ಉಚಿತವಾಗಿ ಒದಗಿತು. ಶಿಕ್ಷಿಸುವ ನೆಲ ಹೋಗಿ ಅದರ ಜಾಗಕ್ಕೆ ಬಣ್ಣದ ಗೆರೆ ಬಂತು. ಬಣ್ಣ ಯಾರನ್ನೂ ತಡೆಯದು. ತಡೆಯುವ ಹೊಣೆ ಮನುಷ್ಯರ ಮೇಲೆ ಬಿತ್ತು.

ಮನುಷ್ಯರು ಆ ಹೊಣೆಯನ್ನು ಹೇಗೆ ನಿಭಾಯಿಸಿದರು ಎಂಬುದಕ್ಕೆ 2021ರ ಮಾರ್ಚ್ 28ರ ಬಹ್ರೇನ್ ಪಂದ್ಯ ಒಂದು ನಿದರ್ಶನ. ಅಲ್ಲಿನ ನಾಲ್ಕನೆಯ ತಿರುವಿನಲ್ಲಿ ಗೆರೆ ದಾಟಿದರೆ ಅಭ್ಯಾಸ ಮತ್ತು ಅರ್ಹತಾ ಸುತ್ತುಗಳಲ್ಲಿ ಆ ಸುತ್ತಿನ ಸಮಯ ರದ್ದಾಗುತ್ತಿತ್ತು. ಮುಖ್ಯ ಪಂದ್ಯದಲ್ಲಿ ಮಾತ್ರ ಸಮಯದ ಮೇಲೆ ನಿಗಾ ಇರುವುದಿಲ್ಲ, ಆದರೆ ಶಾಶ್ವತ ಲಾಭ ಪಡೆಯಕೂಡದು ಎಂಬ ಸೂಚನೆ. ಲೂಯಿಸ್ ಹ್ಯಾಮಿಲ್ಟನ್ ಆ ತಿರುವಿನಲ್ಲಿ 29 ಬಾರಿ ಗೆರೆಯಾಚೆ ಹೋದರೆಂದು ವರದಿಯಾಯಿತು. ಪಂದ್ಯ ನಡೆಯುತ್ತಿದ್ದಾಗಲೇ ಇನ್ನು ಸಾಕು ಎಂಬ ಎಚ್ಚರಿಕೆಯೂ ಬಂತು. ಕೊನೆಯ ಸುತ್ತುಗಳಲ್ಲಿ ಮ್ಯಾಕ್ಸ್ ವರ್ಸ್ಟಾಪನ್ ಅದೇ ತಿರುವಿನಲ್ಲಿ ಗೆರೆಯಾಚೆ ಹೋಗಿ ಹ್ಯಾಮಿಲ್ಟನ್ ಅವರನ್ನು ಹಿಂದಿಕ್ಕಿದರು. ಆ ಸ್ಥಾನವನ್ನು ಅವರು ಮರಳಿ ಬಿಟ್ಟುಕೊಡಬೇಕಾಯಿತು. ಹ್ಯಾಮಿಲ್ಟನ್ ಒಂದು ಸೆಕೆಂಡಿಗಿಂತಲೂ ಕಡಿಮೆ ಅಂತರದಿಂದ ಗೆದ್ದರು. ನಿಯಮದ ಅಕ್ಷರಗಳನ್ನು ಹಿಡಿದು ನೋಡಿದರೆ ಎರಡೂ ನಿರ್ಧಾರಗಳಿಗೆ ಸಮರ್ಥನೆ ಇತ್ತು. ಆದರೆ ನೋಡುತ್ತಿದ್ದವರಿಗೆ ಕಂಡದ್ದು ಇಷ್ಟೇ: ಒಂದೇ ಗೆರೆ, ಒಂದೇ ದಿನ, ಒಬ್ಬನಿಗೆ ಹಲವು ಸಲ ಮಾಫಿ, ಇನ್ನೊಬ್ಬನಿಗೆ ಒಂದು ಸಲಕ್ಕೇ ನಷ್ಟ.

ಈ ಟೀಕೆಗಳ ನಂತರ 2022ರಿಂದ ಎಲ್ಲ ಟ್ರ್ಯಾಕುಗಳಲ್ಲೂ, ಎಲ್ಲ ತಿರುವುಗಳಲ್ಲೂ ಬಿಳಿ ಗೆರೆಯೇ ಎಲ್ಲೆ ಎಂಬ ಏಕರೂಪದ ಕ್ರಮ ಬಂತು. ಇಲ್ಲಿ ಕರ್ಬ್, ಅಲ್ಲಿ ಗೆರೆ ಎಂಬ ಗೊಂದಲ ತೊಲಗಿತು. ಗೆರೆ ಎಲ್ಲಿದೆ ಎಂಬ ಪ್ರಶ್ನೆಗೇನೋ ಉತ್ತರ ಸಿಕ್ಕಿತು. ಆದರೆ ದಾಟಿದವರನ್ನು ಸಕಾಲದಲ್ಲಿ ಹಿಡಿಯುವವರು ಯಾರು ಎಂಬ ಪ್ರಶ್ನೆ ಬಾಕಿಯೇ ಉಳಿಯಿತು. ಅದೇ ವರ್ಷ ಆಸ್ಟ್ರಿಯದ ಅರ್ಹತಾ ಸುತ್ತಿನಲ್ಲಿ ಸರ್ಜಿಯೊ ಪೆರೆಜ್ ಎರಡನೆಯ ಹಂತದಲ್ಲಿ ಗೆರೆ ದಾಟಿದ್ದು, ಅವರು ಮೂರನೆಯ ಹಂತವನ್ನೂ ಮುಗಿಸಿ ನಾಲ್ಕನೆಯ ಸ್ಥಾನ ಪಡೆದ ಮೇಲೆ ನಿರ್ಧಾರವಾಯಿತು. ಅವರು 13ನೆಯ ಸ್ಥಾನಕ್ಕೆ ಇಳಿದರು. ಅವರಿಗಾಗಿ ಎರಡನೆಯ ಹಂತದಲ್ಲೇ ಹೊರಬಿದ್ದ ಚಾಲಕನಿಗೆ ಮೂರನೆಯ ಹಂತದಲ್ಲಿ ಓಡುವ ಅವಕಾಶವನ್ನು ಮರಳಿಸಲು ಯಾರಿಂದಲೂ ಸಾಧ್ಯವಾಗಲಿಲ್ಲ. ತಡವಾದ ನ್ಯಾಯ ತಪ್ಪಿತಸ್ಥನನ್ನು ದಂಡಿಸೀತು, ವಂಚಿತನಿಗೆ ಕಳೆದದ್ದನ್ನು ಕೊಡಲಾರದು.

ಸಮಸ್ಯೆ ಪರಾಕಾಷ್ಠೆಗೆ ಹೋದದ್ದು 2023ರ ಜುಲೈ 2ರಂದು, ಅದೇ ಆಸ್ಟ್ರಿಯದಲ್ಲಿ. ರೆಡ್ ಬುಲ್ ರಿಂಗ್ ಎಂಬ ಆ ಟ್ರ್ಯಾಕಿನ ಉದ್ದ 4.318 ಕಿಲೋಮೀಟರ್, ಪಂದ್ಯ 71 ಸುತ್ತುಗಳದ್ದು. ಅದರ ಕೊನೆಯ ಎರಡು ತಿರುವುಗಳಲ್ಲಿ ಕಾರುಗಳು ವೇಗದ ಭರಕ್ಕೆ ಹೊರಕ್ಕೆ ಸರಿಯುವುದು ಬಹು ಸುಲಭ. ಅಂದು ಗೆರೆ ದಾಟಿದ ಶಂಕೆಯ ಪ್ರಕರಣಗಳು 1,200ಕ್ಕೂ ಹೆಚ್ಚು. ಪಂದ್ಯ ನಡೆಯುತ್ತಿದ್ದಾಗ ಅಷ್ಟನ್ನೂ ಪರಿಶೀಲಿಸುವುದು ಅಧಿಕಾರಿಗಳಿಗೆ ಸಾಧ್ಯವಾಗಲಿಲ್ಲ. ಪಂದ್ಯ ಮುಗಿದು ಬಹುಮಾನ ವಿತರಣೆಯೂ ಆದ ಮೇಲೆ ಆಸ್ಟನ್ ಮಾರ್ಟಿನ್ ತಂಡ ಆಕ್ಷೇಪಣೆ ಸಲ್ಲಿಸಿತು. ದಾಖಲೆಗಳನ್ನು ಮತ್ತೆ ತೆರೆಯಲಾಯಿತು. ಗಂಟೆಗಳ ನಂತರ ಎಂಟು ಚಾಲಕರಿಗೆ ಹೊಸದಾಗಿ ಸಮಯದಂಡ ಬಿತ್ತು. ನಾಲ್ಕನೆಯವರಾಗಿದ್ದ ಕಾರ್ಲೋಸ್ ಸೈನ್ಜ್ ಆರನೆಯವರಾದರು. ಐದನೆಯ ಸ್ಥಾನದಲ್ಲಿದ್ದ ಲ್ಯಾಂಡೊ ನಾರಿಸ್ ನಾಲ್ಕಕ್ಕೇರಿದರು. ಎಸ್ಟೆಬಾನ್ ಒಕಾನ್ ಅವರಿಗೆ ಬಿದ್ದ ಹೆಚ್ಚುವರಿ ದಂಡ 30 ಸೆಕೆಂಡು. ಪ್ರೇಕ್ಷಕರು ಸಂಜೆ ನೋಡಿದ ಫಲಿತಾಂಶ ಒಂದು, ಮರುದಿನ ಪತ್ರಿಕೆಯಲ್ಲಿ ಓದಿದ್ದು ಇನ್ನೊಂದು.

ಅಂದಿನ ಕ್ರಮದಲ್ಲಿ ಮೂರು ಸಲ ಗೆರೆ ದಾಟಿದವನಿಗೆ ಕಪ್ಪು ಬಿಳುಪು ಬಾವುಟ ತೋರಿಸಿ ಎಚ್ಚರಿಸಬೇಕು. ನಾಲ್ಕನೆಯ ಸಲಕ್ಕೆ ಐದು ಸೆಕೆಂಡಿನ ದಂಡ. ಈ ಕ್ರಮದ ಹಿಂದಿರುವ ವಿವೇಕವನ್ನು ಗಮನಿಸಬೇಕು. ಎಚ್ಚರಿಕೆ ಇರುವುದು ತಿದ್ದಿಕೊಳ್ಳಲೆಂದು. ತನ್ನ ಲೆಕ್ಕ ಎಷ್ಟಾಗಿದೆ ಎಂದು ಚಾಲಕನಿಗೆ ಓಡುವಾಗಲೇ ಗೊತ್ತಾದರೆ ಮುಂದಿನ ಸುತ್ತಿನಲ್ಲಿ ಆತ ಒಂದಿಷ್ಟು ಒಳಗೆ ಸರಿಯುತ್ತಾನೆ. ಗೊತ್ತೇ ಆಗದಿದ್ದರೆ ತಪ್ಪು ಪುನರಾವರ್ತನೆಯಾಗುತ್ತದೆ. ರಾತ್ರಿ ಬರುವ ದಂಡ ಆಗ ಶಿಕ್ಷೆಯಷ್ಟೇ, ತಿದ್ದುಪಡಿಯಲ್ಲ. ಒಕಾನ್ ತಪ್ಪು ಮಾಡಿರಲಿಲ್ಲ ಎಂದು ಯಾರೂ ವಾದಿಸುವುದಿಲ್ಲ. ಆದರೆ ಎಣಿಸುವವರು ಹಿಂದೆ ಬಿದ್ದಾಗ ಎಚ್ಚರಿಕೆಯ ಏಣಿ ತನ್ನ ಅರ್ಥ ಕಳೆದುಕೊಳ್ಳುತ್ತದೆ ಎಂಬುದಂತೂ ಅಂದು ಸ್ಪಷ್ಟವಾಯಿತು.

ಹಾಗೆಂದು ಪರಿಹಾರ ಇಲ್ಲವೇ? ಎರಡು ದಾರಿಗಳಿವೆ, ಎರಡನ್ನೂ ಈಗ ಪ್ರಯೋಗಿಸಲಾಗಿದೆ. ಒಂದು, ಕಣ್ಣುಗಳನ್ನು ಹೆಚ್ಚಿಸುವುದು. ಕ್ರೀಡೆಯ ಆಡಳಿತ ಸಂಸ್ಥೆಯಾದ ಎಫ್‌ಐಎ ಜಿನೀವಾದಲ್ಲಿರುವ ತನ್ನ ದೂರ ನಿಯಂತ್ರಣ ಕೇಂದ್ರದಲ್ಲಿ ದೃಶ್ಯಗಳನ್ನು ಪರಿಶೀಲಿಸುವ ಸಿಬ್ಬಂದಿಯನ್ನು ಬಲಪಡಿಸಿತು. 2023ರ ನವೆಂಬರಿನ ಅಬುಧಾಬಿ ಪಂದ್ಯದಲ್ಲಿ ಕಂಪ್ಯೂಟರೇ ಚಿತ್ರಗಳನ್ನು ನೋಡಿ, ಗೆರೆ ದಾಟದೇ ಇರುವುದು ಖಚಿತವಾದ ಪ್ರಕರಣಗಳನ್ನು ಬೇರ್ಪಡಿಸುವ ತಂತ್ರವನ್ನು ಪರೀಕ್ಷಿಸಿತು. ಅನುಮಾನದ ಕೆಲವೇ ಪ್ರಕರಣಗಳು ಮನುಷ್ಯರ ಮುಂದೆ ಬಂದರೆ ತೀರ್ಪೂ ಬೇಗ ಬರುತ್ತದೆ. ಎರಡನೆಯ ದಾರಿ, ಕಳೆದುಹೋದ ತೀರ್ಪುಗಾರನನ್ನು ಮರಳಿ ಕರೆಯುವುದು. 2024ರ ಪಂದ್ಯಕ್ಕೆ ಮುನ್ನ ರೆಡ್ ಬುಲ್ ರಿಂಗಿನ ಆ ಕೊನೆಯ ಎರಡು ತಿರುವುಗಳ ಹೊರ ಅಂಚಿನಲ್ಲಿ ಜಲ್ಲಿಯ ಪಟ್ಟಿಯೊಂದನ್ನು ಹಾಕಲಾಯಿತು. ಅದರಾಚೆ ಸುರಕ್ಷತೆಯ ಡಾಂಬರು ಉಳಿದೇ ಇತ್ತು. ಗೆರೆ ದಾಟಿದವನ ಚಕ್ರ ಜಲ್ಲಿಗೆ ತಾಗಿ ಸಮಯ ನಷ್ಟವಾಗುತ್ತದೆ; ಹತೋಟಿ ತಪ್ಪಿದವನು ಜಲ್ಲಿ ದಾಟಿ ಡಾಂಬರಿನ ಮೇಲೆ ನಿಧಾನಿಸಿಕೊಳ್ಳಬಹುದು. ಹಿಂದಿನ ವರ್ಷ ಸಾವಿರದ ಲೆಕ್ಕದಲ್ಲಿದ್ದ ಪ್ರಕರಣಗಳು ಗಣನೀಯವಾಗಿ ಕುಸಿದವು. ಅವೇ ಚಾಲಕರು, ಅದೇ ತಿರುವು, ಅದೇ ಆಸೆ. ಬದಲಾದದ್ದು ಅಂಚಿನ ನೆಲ ಮಾತ್ರ.

ನಮ್ಮ ಕರಾವಳಿಯ ಕಂಬಳದವರಿಗೆ ಈ ಪಾಠ ಹೊಸದೇನಲ್ಲ. ಕಂಬಳದಲ್ಲಿ ಕನೆಹಲಗೆ ಎಂಬ ವಿಭಾಗವಿದೆ. ಅಲ್ಲಿ ಯಾರು ಬೇಗ ಓಡಿದರು ಎಂಬುದಲ್ಲ, ಹಲಗೆಯ ಮೇಲೆ ನಿಂತು ಓಡಿಸುವವನು ನೀರನ್ನು ಎಷ್ಟು ಎತ್ತರಕ್ಕೆ ಚಿಮ್ಮಿಸಿದ ಎಂಬುದು ಮುಖ್ಯ. ಕರೆಯ ಮೇಲೆ ಆರೂವರೆ ಕೋಲು, ಏಳೂವರೆ ಕೋಲು ಎಂದು ಗೊತ್ತುಪಡಿಸಿದ ಎತ್ತರಗಳಲ್ಲಿ ಬಟ್ಟೆಯ ನಿಶಾನೆ ಕಟ್ಟಿರುತ್ತಾರೆ. ನೀರು ತಾಗಿದರೆ ಬಟ್ಟೆ ಒದ್ದೆ, ತಾಗದಿದ್ದರೆ ಒಣಗಿದ್ದು. ಸಾವಿರಾರು ಜನರ ಕಣ್ಣೆದುರು ಬಟ್ಟೆಯೇ ಸಾಕ್ಷಿ ಹೇಳುತ್ತದೆ. ಕೋಣಗಳ ಯಜಮಾನನ ಅಂತಸ್ತನ್ನು ಅದು ಕೇಳುವುದಿಲ್ಲ. ಒಳ್ಳೆಯ ಗೆರೆಯ ಲಕ್ಷಣ ಇದು. ತೀರ್ಪು ಕೊಡುವವನ ಮೇಲೆ ಜನ ಇಡಬೇಕಾದ ನಂಬಿಕೆಯ ಭಾರವನ್ನು ಅದು ಆದಷ್ಟು ಹಗುರ ಮಾಡುತ್ತದೆ.

ಗೆರೆ ಎಷ್ಟೇ ಸ್ಪಷ್ಟವಾಗಿದ್ದರೂ ನಿಯಮದ ಪುಸ್ತಕ ಎರಡಾದರೆ ಏನಾಗುತ್ತದೆ ಎಂಬುದನ್ನು ನಮ್ಮದೇ ಕಬಡ್ಡಿ ತೋರಿಸಿಕೊಟ್ಟಿದೆ. 2023ರ ಅಕ್ಟೋಬರ್ 7ರಂದು ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಪುರುಷರ ಫೈನಲ್‌ನಲ್ಲಿ ಭಾರತ ಮತ್ತು ಇರಾನ್ 28–28ರಲ್ಲಿ ಸಮವಾಗಿದ್ದವು. ಬೆಂಗಳೂರು ಬುಲ್ಸ್ ತಂಡದಲ್ಲಿ ಆಡಿ ಕನ್ನಡಿಗರಿಗೂ ಪರಿಚಿತರಾಗಿದ್ದ ಪವನ್ ಸೆಹ್ರಾವತ್ ದಾಳಿಗೆ ಹೋದವರು ಯಾರನ್ನೂ ಮುಟ್ಟದೆ ಅಂಗಣದ ಪಕ್ಕದ ಲಾಬಿಗೆ ಕಾಲಿಟ್ಟರು. ಅವರ ಬೆನ್ನುಹತ್ತಿ ಇರಾನಿನ ಆಟಗಾರರೂ ಲಾಬಿಗೆ ಇಳಿದರು. ಒಂದು ನಿಯಮದಂತೆ ದಾಳಿಕಾರನೊಬ್ಬನೇ ಔಟ್. ಇನ್ನೊಂದರಂತೆ ಲಾಬಿಗೆ ಇಳಿದವರೆಲ್ಲರೂ ಔಟ್. ಲಾಬಿಯ ಗೆರೆಯ ಬಗ್ಗೆ ಯಾರಿಗೂ ಸಂಶಯವಿರಲಿಲ್ಲ. ಯಾವ ನಿಯಮ ಎಂಬುದರ ಬಗ್ಗೆ ಸುಮಾರು ಒಂದು ಗಂಟೆ ಆಟ ನಿಂತಿತು, ತೀರ್ಪು ಅತ್ತಿತ್ತ ಹೊಯ್ದಾಡಿತು. ಕೊನೆಗೆ ಭಾರತ 33–29ರಿಂದ ಗೆದ್ದಿತು. ಚಿನ್ನ ನಮ್ಮದಾಯಿತೆಂದು ನಾವು ಸಂತೋಷಪಟ್ಟೆವು. ಆದರೆ ಇರಾನಿನ ಸ್ಥಾನದಲ್ಲಿ ನಾವಿದ್ದಿದ್ದರೆ? ನ್ಯಾಯವನ್ನು ಪರೀಕ್ಷಿಸಬೇಕಾದದ್ದು ಗೆದ್ದಾಗಲೇ.

ಗೆಲುವು ಸೋಲುಗಳೆರಡರಲ್ಲೂ ಒಂದೇ ಅಳತೆಗೆ ತಲೆಬಾಗುವುದು ಹೇಗೆ ಎಂಬುದಕ್ಕೆ ಬೆಂಗಳೂರಿನ ಚಾಲಕ ಕುಶ್ ಮೈನಿ ಅವರ 2024ರ ಋತುವನ್ನು ನೋಡಬಹುದು. ಫಾರ್ಮುಲಾ ಒನ್‌ಗೆ ಒಂದು ಮೆಟ್ಟಿಲು ಕೆಳಗಿನ ಫಾರ್ಮುಲಾ ಟು ಪಂದ್ಯಾವಳಿಯಲ್ಲಿ, ಬಹ್ರೇನಿನ ಅರ್ಹತಾ ಸುತ್ತಿನಲ್ಲಿ ಅವರು ಎಲ್ಲರಿಗಿಂತ ವೇಗವಾಗಿ ಓಡಿದರು. ಆದರೆ ತಾಂತ್ರಿಕ ತಪಾಸಣೆಯಲ್ಲಿ ಅವರ ಕಾರು ಅಳತೆಗೆ ಹೊಂದಲಿಲ್ಲವೆಂದು ಅನರ್ಹಗೊಂಡು ಮೊದಲ ಸ್ಥಾನ ಕೈತಪ್ಪಿತು. ಕೆಲವೇ ತಿಂಗಳಲ್ಲಿ ಬುಡಾಪೆಸ್ಟಿನ ಕಿರು ಪಂದ್ಯದಲ್ಲಿ ಮೊದಲಿಗರಾಗಿ ಗುರಿ ಮುಟ್ಟಿದ ರಿಚರ್ಡ್ ವರ್ಸ್ಕೋರ್ ಅವರ ಕಾರು ತಪಾಸಣೆಯಲ್ಲಿ ಅನರ್ಹವಾಯಿತು. ಗೆಲುವು ಮೈನಿ ಅವರ ಪಾಲಿಗೆ ಬಂತು. ಒಂದೇ ಅಳತೆಗೋಲು ಮಾರ್ಚಿನ ಆರಂಭದ ಹೊತ್ತಿಗೆ ಕಸಿದುಕೊಂಡಿತು, ಜುಲೈನಲ್ಲಿ ಕೊಟ್ಟಿತು. ಕಸಿದಾಗ ಕಹಿಯಾಗಿದ್ದಿರಬಹುದು, ಆದರೆ ಅಳತೆಗೋಲು ತನ್ನವರನ್ನು ನೋಡಿ ಉದ್ದ ಗಿಡ್ಡ ಆಗುವುದಿಲ್ಲ ಎಂಬ ಭರವಸೆ ಇದ್ದಾಗಲೇ ಸೋತವನು ಮುಂದಿನ ಪಂದ್ಯಕ್ಕೆ ಬರುತ್ತಾನೆ.

ಇಷ್ಟು ಬಿಗಿ ಬೇಕೇ ಎಂದು ಕೇಳುವವರಿದ್ದಾರೆ. ಚಾಲಕ ಯಂತ್ರವಲ್ಲ, ಸುಮಾರು ಎರಡು ಮೀಟರ್ ಅಗಲದ ಕಾರಿನೊಳಗೆ ತಗ್ಗಿ ಕುಳಿತವನಿಗೆ ತನ್ನ ಚಕ್ರದ ಕೆಳಗಿನ ಗೆರೆಯೇ ಕಾಣಿಸುವುದಿಲ್ಲ, ಬೆರಳೆಣಿಕೆಯ ಸೆಂಟಿಮೀಟರುಗಳಿಗಾಗಿ ಅದ್ಭುತವಾದ ಸುತ್ತನ್ನು ರದ್ದು ಮಾಡುವುದು ಕ್ರೀಡೆಯ ಆನಂದವನ್ನೇ ಕೊಲ್ಲುತ್ತದೆ ಎಂಬುದು ಅವರ ವಾದ. ಇದರಲ್ಲಿ ಹುರುಳಿಲ್ಲದೆ ಇಲ್ಲ. ಪಕ್ಕದವನು ತಳ್ಳಿದ್ದರಿಂದ ಹೊರಹೋದವನನ್ನೂ, ಅಪಘಾತ ತಪ್ಪಿಸಲು ಹೊರಹೋದವನನ್ನೂ, ಲಾಭಕ್ಕಾಗಿ ಹೊರಹೋದವನನ್ನೂ ಒಂದೇ ಕಟ್ಟಿಗೆ ಕಟ್ಟಲಾಗದು. ‘ಸಕಾರಣ’ ಎಂಬ ಮಾತು ನಿಯಮದಲ್ಲಿ ಇರುವುದೇ ಅದಕ್ಕಾಗಿ. ಆದರೆ ಇಲ್ಲಿ ಎರಡು ಪ್ರಶ್ನೆಗಳನ್ನು ಬೇರ್ಪಡಿಸಬೇಕು. ಗೆರೆ ದಾಟಿದನೇ ಇಲ್ಲವೇ ಎಂಬುದು ಸಂಗತಿಯ ಪ್ರಶ್ನೆ. ಏಕೆ ದಾಟಿದ ಎಂಬುದು ಕಾರಣದ ಪ್ರಶ್ನೆ. ಮೊದಲನೆಯದನ್ನು ಜಲ್ಲಿಗೋ ಕ್ಯಾಮೆರಾಕ್ಕೋ ಬಿಡಬಹುದು. ಅದರಲ್ಲಿ ದಯೆಗೂ ಜಾಗವಿಲ್ಲ, ದ್ವೇಷಕ್ಕೂ ಇಲ್ಲ. ಎರಡನೆಯದಕ್ಕೆ ಮನುಷ್ಯನೇ ಬೇಕು. ಅಲ್ಲಿಯೂ ಆತ ತನ್ನ ತೀರ್ಪಿನ ಕಾರಣವನ್ನು ಬರೆದು ಎಲ್ಲರ ಮುಂದೆ ಇಡಬೇಕು. ಪಂದ್ಯದಿಂದ ಪಂದ್ಯಕ್ಕೆ ತೀರ್ಪು ಮಂಡಳಿಯ ಸದಸ್ಯರು ಬದಲಾಗುವ ಈ ಕ್ರೀಡೆಯಲ್ಲಿ 2025ರ ಜೂನ್‌ನಲ್ಲಿ ಎಫ್‌ಐಎ ದಂಡಗಳ ಮಾರ್ಗಸೂಚಿಯನ್ನು ಸಾರ್ವಜನಿಕಗೊಳಿಸಿದ್ದು ಈ ದೃಷ್ಟಿಯಿಂದ ಸರಿಯಾದ ಹೆಜ್ಜೆ. ವಿವೇಚನೆ ಕತ್ತಲಲ್ಲಿ ನಡೆದರೆ ಅದು ಎಷ್ಟೇ ಪ್ರಾಮಾಣಿಕವಾಗಿದ್ದರೂ ಪಕ್ಷಪಾತದಂತೆಯೇ ಕಾಣುತ್ತದೆ.

ಇಷ್ಟು ದೂರದ ಕಾರುಗಳ ಜಗಳದಿಂದ ನಮಗೇನು ಎನ್ನುವವರು ಬೆಂಗಳೂರಿನ ಯಾವುದಾದರೂ ಸಿಗ್ನಲ್ಲಿನ ಸ್ಟಾಪ್ ಲೈನನ್ನು ನೋಡಬಹುದು. ಅದೂ ಒಂದು ಬಿಳಿ ಗೆರೆಯೇ. 2022ರ ಡಿಸೆಂಬರಿನಲ್ಲಿ ನಗರದ 50 ಜಂಕ್ಷನ್‌ಗಳಲ್ಲಿ ಕ್ಯಾಮೆರಾ ಆಧಾರಿತ ಸಂಚಾರ ನಿಗಾ ವ್ಯವಸ್ಥೆ ಜಾರಿಗೆ ಬಂದಾಗ ಗೆರೆ ದಾಟಿದವರ ಮೊಬೈಲಿಗೇ ದಂಡದ ಸಂದೇಶ ಹೋಗುವಂತಾಯಿತು. ಪೊಲೀಸಿನವರ ಮರ್ಜಿಯಿಂದ ಕ್ಯಾಮೆರಾದ ಕಣ್ಣಿಗೆ ಆದ ಈ ಬದಲಾವಣೆ ಸ್ವಾಗತಾರ್ಹವೇ. ಆದರೆ 2023ರ ಫೆಬ್ರವರಿಯಲ್ಲಿ ಬಾಕಿ ಉಳಿಸಿಕೊಂಡವರಿಗೆ ದಂಡದಲ್ಲಿ ಶೇ 50ರ ರಿಯಾಯಿತಿ ಘೋಷಣೆಯಾಯಿತು. ನಗರವೊಂದರಲ್ಲೇ ನೂರು ಕೋಟಿ ರೂಪಾಯಿಗೂ ಹೆಚ್ಚು ಸಂಗ್ರಹವಾಯಿತು. 2025ರ ಆಗಸ್ಟ್‌ನಲ್ಲಿ ಅಂಥದೇ ರಿಯಾಯಿತಿ ಮತ್ತೆ ಬಂತು. ಖಜಾನೆಗೆ ಲಾಭವಾದದ್ದು ನಿಜ. ಆದರೆ ಸಂದೇಶ ಬಂದ ವಾರದಲ್ಲೇ ಪೂರ್ತಿ ದಂಡ ಕಟ್ಟಿದ ನಾಗರಿಕ ಏನನ್ನು ಕಲಿತ? ಕಾದವನು ಅರ್ಧದಲ್ಲಿ ಪಾರಾಗುವುದಾದರೆ ಮುಂದಿನ ಸಲ ಆತನೂ ಕಾಯುತ್ತಾನೆ. ಗೆರೆಯನ್ನು ಹಿಡಿದ ಕ್ಯಾಮೆರಾ ಎಷ್ಟೇ ನಿಖರವಾಗಿರಲಿ, ದಂಡ ಒಬ್ಬನಿಗೆ ಪೂರ್ತಿ, ಇನ್ನೊಬ್ಬನಿಗೆ ಅರ್ಧ ಎಂದಾದಾಗ ಗೆರೆ ಮಸುಕಾಗುತ್ತದೆ.

ಆಸ್ಟ್ರಿಯದ ತಿರುವಿರಲಿ, ಬೆಂಗಳೂರಿನ ಸಿಗ್ನಲ್ಲಿರಲಿ, ನ್ಯಾಯವಾದ ಗೆರೆಗೆ ಬೇಕಾದವು ಕೆಲವೇ. ಅದು ಎಲ್ಲಿದೆ ಎಂಬುದು ಮೊದಲೇ ಗೊತ್ತಿರಬೇಕು. ದಾಟಿದ್ದರ ಬೆಲೆ ದಾಟಿದ್ದರ ಲಾಭಕ್ಕಿಂತ ಹೆಚ್ಚಿರಬೇಕು. ಆ ಬೆಲೆ ತಿದ್ದಿಕೊಳ್ಳಲು ಸಮಯ ಇರುವಾಗಲೇ ತಿಳಿಯಬೇಕು. ಮುಂದಿರುವವನಿಗೂ ಹಿಂದಿರುವವನಿಗೂ ಅದು ಒಂದೇ ಆಗಿರಬೇಕು. ಇವುಗಳಲ್ಲಿ ಯಾವುದು ತಪ್ಪಿದರೂ ಮೊದಲು ನಷ್ಟಕ್ಕೊಳಗಾಗುವವನು ಗೆರೆಯೊಳಗೆ ಓಡಿದವನು. ಆತನ ತಾಳ್ಮೆ ಮುಗಿದ ದಿನ ಗೆರೆಯೂ ಮುಗಿಯುತ್ತದೆ.

ಎರೆಭೂಮಿಯ ಹಿರಿಯರಿಗೆ ಇದು ಗೊತ್ತಿತ್ತು. ಬದು ಕಳೆದುಹೋಗುವುದು ಹತ್ತನೆಯ ವರ್ಷದ ಅಳತೆಯಲ್ಲಲ್ಲ, ಮೊದಲ ವರ್ಷದ ಮೊದಲ ಸಾಲಿನಲ್ಲಿ. ಎತ್ತು ಜಗ್ಗಿದ್ದೋ ರೈತನೇ ತಿರುಗಿಸಿದ್ದೋ ಎಂಬ ವಾದ ಹತ್ತು ವರ್ಷ ನಡೆದರೂ ತೀರದು. ಅದಕ್ಕೇ ತಿಳಿದವರು ಸಾಲು ಒತ್ತಿದ ದಿನವೇ ನಾಲ್ಕು ಜನರನ್ನು ಕರೆದು, ಬಾಂದುಕಲ್ಲನ್ನು ಎಲ್ಲರೆದುರು ಮತ್ತೆ ನಿಲ್ಲಿಸಿ, ಬದುವಿನ ಮೇಲೆ ಮುಳ್ಳು ಹಾಕುತ್ತಾರೆ. ಮುಂದಿನ ಬಿತ್ತನೆಯ ಹೊತ್ತಿಗೆ ಎರಡೂ ಕಡೆಯ ಎತ್ತುಗಳು ನೆಟ್ಟಗೆ ನಡೆಯುತ್ತವೆ.